ಬರಿಗೊರಳು

ಬೀದರ ಬಸ್ ಸ್ಟ್ಯಾಂಡಿನ ಹಿಂದಿನ ಗೋಡೆಗೆ ಒಂದು ಕೈ ಊರಿ ವಾಂತಿ ಮಾಡಿಕೊಂಡು, ಸೆರಗಿನ ಚುಂಗಿನಿಂದ ಬಾಯಿ ಒರೆಸುತ್ತ ತಲೆಯೆತ್ತಿದಾಗ ಸುಂದರಬಾಯಿಗೆ ಕಂಡದ್ದು ಹೀರಾಬಾಯಿಯ ಮುಖ. ತವರೂರು ಔರಾದಿಗೆ ಹೊರಟು ನಿಂತ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹೀರಾಬಾಯಿ ಅವಳನ್ನೇ ನೋಡುತ್ತಿದ್ದಳು. ದೊಡ್ಡಪ್ಪನ ಮಗಳು, ಕಮಲನಗರಕ್ಕೆ ಕೊಟ್ಟವಳು, ಸಣ್ಣವರಿದ್ದಾಗ ಒಂದೇ ಕೌದಿಯಲ್ಲಿ ಮಲಗಿದವಳು. ಅವಳ ಕಣ್ಣು ಸುಂದರಬಾಯಿಯ ಮುಖದಿಂದ ಕೊರಳಿಗೆ ಇಳಿಯಿತು, ಕೊರಳಿನಿಂದ ಕೈಗೆ ಹೋಯಿತು, ಮತ್ತೆ ಹಣೆಗೆ ಏರಿತು. ಆಮೇಲೆ ಹೀರಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡು, ಹಿಂದಿನಿಂದ ಯಾರೋ ದೂಡಿದವರಂತೆ ಬಸ್ಸಿನೊಳಗೆ ಹೋಗಿಬಿಟ್ಟಳು. “ಹೀರಕ್ಕಾ” ಎಂದು ಸುಂದರಬಾಯಿ ಕೂಗಿದಳು. ಕೂಗಿದೆ ಎಂದು ಅವಳಿಗೆ ಅನ್ನಿಸಿದ್ದು ಅಷ್ಟೇ. ಗಂಟಲಿನಿಂದ ಹೊರಟದ್ದು ಒಣ ಜೋಳದ ದಂಟು ಮುರಿದಂಥ ಸಪ್ಪಳ. ಹೈದರಾಬಾದಿನ ದವಾಖಾನೆಯಲ್ಲಿ ಕೊರಳಿಗೆ ಕರೆಂಟ್ ಕೊಡಲು ಶುರುಮಾಡಿದ ಮೇಲೆ ಬಾಯಲ್ಲಿ ಜೊಲ್ಲೇ ಊರುತ್ತಿರಲಿಲ್ಲ, ನಾಲಗೆ ಅಂಗುಳಕ್ಕೆ ಅಂಟಿಕೊಂಡೇ ಇರುತ್ತಿತ್ತು. ಬಸ್ಸು ಧೂಳೆಬ್ಬಿಸಿ ಹೊರಟಿತು. ಅದೇ ಬಸ್ಸಿನಲ್ಲಿ ಅವಳಿಗೂ ಜಾಗವಿತ್ತು, ಟಿಕೀಟೂ ಆಗಿತ್ತು. ಹೊಟ್ಟೆ ತೊಳಸಿ ಇಳಿದುಬಂದವಳಿಗಾಗಿ ಕಾಯುವಷ್ಟು ಪುರುಸೊತ್ತು ಯಾವ ಕಂಡಕ್ಟರನಿಗಿರುತ್ತದೆ! ಕೈಚೀಲ ಕೈಯಲ್ಲೇ ಇತ್ತು, ಅಷ್ಟು ಪುಣ್ಯ. ಗೋಡೆಯ ಬುಡದಲ್ಲಿ ಕೂತು, ವಾಂತಿ ಮಾಡುವವರನ್ನು ಕಂಡರೆ ಯಾರಿಗೆ ತಾನೇ ಹೇಸಿಗೆಯಾಗುವುದಿಲ್ಲ ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು. ಆದರೂ ಹೀರಕ್ಕ ಹಾಗೆ ಮುಖ ತಿರುಗಿಸಬಾರದಿತ್ತು.

ಗಂಡ ಮನ್ಮಥಪ್ಪ ಅವಳನ್ನು ಬಸ್ಸಿನಲ್ಲಿ ಕೂಡಿಸಿ ಆಗಲೇ ಕಚೇರಿಗೆ ಹೋಗಿಯಾಗಿತ್ತು. ಅವನನ್ನು ಬೈಯುವಂತೆಯೂ ಇರಲಿಲ್ಲ. ದೀಪಾವಳಿ ಬಂದದ್ದೂ ಬೀದರ ಮೈಸೂರು ರಾಜ್ಯಕ್ಕೆ ಸೇರಿದ್ದೂ ಒಂದೇ ವಾರದಲ್ಲಿ. ಕಚೇರಿಯಲ್ಲಿ ಇಲ್ಲೇ ಉಳಿಯುವವರು ಯಾರು, ಹೈದರಾಬಾದಿಗೆ ಹೋಗುವವರು ಯಾರು, ಮುಂಬಯಿ ಕಡೆಗೆ ಯಾರು ಎಂದು ದಿನವೂ ಗದ್ದಲ. ಹುಡುಗನಾಗಿದ್ದಾಗಿನಿಂದ ಉರ್ದುವಿನಲ್ಲೇ ಓದಿ ಉರ್ದುವಿನಲ್ಲೇ ಕಡತ ಬರೆದ ಗುಮಾಸ್ತ ಈಗ ಸಂಜೆ ಹೊತ್ತು ಪಾಟಿಯ ಮೇಲೆ ಕನ್ನಡದ ಒತ್ತಕ್ಷರ ತಿದ್ದುತ್ತ ಕೂಡುತ್ತಿದ್ದ. “ನೀ ತವರಿಗಿ ಹೋಗಿ ಆರಾಮ ಮಾಡು. ತಿಂಗಳು ಮುಗಿಯೂದ್ರಾಗ ಕರೆಂಟಿನ ಎರಡನೇ ಪಾಳಿಗಿ ಹೋಗೂದದ, ನಾ ಬಂದು ಕರಕೊಂಡು ಹೋಗ್ತೇನಿ” ಎಂದಿದ್ದ. ಅವನು ಕಣ್ಣಿಗೆ ಮರೆಯಾದ ಮೇಲೆ ಅವಳಿಗೆ ನೆನಪಾಗಿತ್ತು: ತಾಳಿ ಅವನ ಕೋಟಿನ ಒಳಕಿಸೆಯಲ್ಲೇ ಉಳಿಯಿತು.

ಅದನ್ನು ಬಿಚ್ಚಿಸಿದವಳು ದವಾಖಾನೆಯ ನರ್ಸ್ ಬದರುನ್ನಿಸಾ. “ಗಲೇ ಮೇ ಕುಚ್ ನಕ್ಕೋ ಅಮ್ಮಾ, ಏಕ್ ಧಾಗಾ ಭೀ ನಕ್ಕೋ” ಎಂದು ಮಗುವಿಗೆ ಹೇಳುವ ಹಾಗೆ ಹೇಳಿದ್ದಳು. ಕೊರಳಿಗೆ ಏನೂ ಬೇಡ, ಒಂದು ದಾರ ಕೂಡ ಬೇಡ. ಡಾಕ್ಟರು ನೀಲಿ ಮಸಿಯಲ್ಲಿ ಕೊರಳಿನ ಎರಡೂ ಬದಿಗೆ, ಹೊಲಕ್ಕೆ ಹದ್ದು ಗೊತ್ತುಮಾಡಿದ ಹಾಗೆ, ಗೀಟು ಎಳೆದಿದ್ದರು. ಎರಡನೇ ಪಾಳಿ ಮುಗಿಯುವ ತನಕ ಅದನ್ನು ತೊಳೆಯಬಾರದು, ಎಣ್ಣೆ ಸೋಕಿಸಬಾರದು. ಲಿಂಗದ ವಿಷಯದಲ್ಲಿ ತೊಡಕಾಗಲಿಲ್ಲ. ಸಣ್ಣವಳಿದ್ದಾಗ ದೀಕ್ಷೆ ಕೊಡಿಸಿದ ದಿನ ಅಪ್ಪ ಮಲ್ಲಿಕಾರ್ಜುನಪ್ಪ ಹೇಳಿಕೊಟ್ಟಿದ್ದ: ಕೊರಳಿಗೆ ಆಗದಿದ್ದರೆ ತೋಳಿಗೆ ಕಟ್ಟಿಕೋ, ಅಂಗೈಯಲ್ಲಿ ಹಿಡಿದುಕೋ, ತಲೆಯ ಮೇಲೆ ಇಟ್ಟುಕೋ, ಮೈಯಿಂದ ಮಾತ್ರ ಅಗಲಿಸಬೇಡ. ಶಿವದಾರವನ್ನು ಬಲತೋಳಿಗೆ ಸುತ್ತಿ, ಕುಪ್ಪಸದ ತೋಳಿನೊಳಗೆ ಸೇರಿಸಿಕೊಂಡಳು. ದೇವರಿಗೆ ಮೈಮೇಲೆ ನಾಲ್ಕೈದು ಕಡೆ ಜಾಗವಿತ್ತು. ತಾಳಿಗೆ ಇದ್ದದ್ದು ಒಂದೇ. ಎಲ್ಲಿಡಬೇಕೆಂದು ತಿಳಿಯದೆ ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಾಗ ಮನ್ಮಥಪ್ಪ “ಕೊಡಿಲ್ಲಿ” ಎಂದು ಇಸಿದುಕೊಂಡು, ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ಕಣ್ಣಾಡಿಸಿ, ರೈಲು ಟಿಕೀಟು ಇಡುವ ಹಾಗೆ ಒಳಕಿಸೆಗೆ ಇಳಿಬಿಟ್ಟಿದ್ದ. ಬಳೆಗಳು ತಾವಾಗಿಯೇ ಹೋದವು. ಮೈ ಇಳಿದು ಇಳಿದು ಮುಂಗೈ ಕಡ್ಡಿಯಾದ ಮೇಲೆ ಅವು ಕೈ ತಗ್ಗಿಸಿದರೆ ಸಾಕು ಜಾರಿ ನೆಲಕ್ಕೆ ಬೀಳುತ್ತಿದ್ದವು. ಕುಂಕುಮವೋ, ಬೆವರಿಗೆ ನಿಲ್ಲುತ್ತಿರಲಿಲ್ಲ. ಆಮೇಲೆ ಆ ಕೋಣೆ. ಅವಳೊಬ್ಬಳನ್ನೇ ಹಾಸಿಗೆಯ ಮೇಲೆ ಮಲಗಿಸಿ, ಕೊರಳ ಮೇಲೆ ಯಂತ್ರದ ಮೂತಿ ಇಳಿಸಿ, ಡಾಕ್ಟರು, ನರ್ಸು, ಎಲ್ಲರೂ ಹೊರಗೆ ಹೋಗಿ ದಪ್ಪ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳ್ಳೆಯದು ಮಾಡುವ ಬೆಳಕಾದರೆ ಇವರೆಲ್ಲ ಯಾಕೆ ಓಡಿಹೋಗುತ್ತಾರೆ ಎಂದು ಅವಳಿಗೆ ಪ್ರತಿ ಸಲವೂ ಅನ್ನಿಸುತ್ತಿತ್ತು.

ಮುಂದಿನ ಬಸ್ಸು ಬಂದಾಗ ಬಿಸಿಲು ಏರಿತ್ತು. ಕಿಟಕಿಯ ಪಕ್ಕ ಕೂತಳು. ಒಳಗೆ ಯಾರೋ, ನಿದ್ದೆ ಮಾಡಿ ಏಳುವುದರೊಳಗೆ ನಾವೆಲ್ಲ ಮೈಸೂರಿನವರಾದೆವು, ಇನ್ನು ಖಾರ ಬಿಟ್ಟು ಸಾರು ಉಣ್ಣಬೇಕು ಎಂದು ತಮಾಷೆ ಮಾಡುತ್ತಿದ್ದ, ಮಂದಿ ನಗುತ್ತಿದ್ದರು. ಊರ ಹೊರಗಿನ ಕೆಂಪು ನೆಲ ಹೋಗಿ ಕರಿನೆಲ ಬಂತು, ತೊಗರಿ ಹೂ ಬಿಟ್ಟಿತ್ತು. ಮೊಣಕಾಲ ಕೆಳಗೆ ತುರಿಕೆ ಎದ್ದಿತು. ಮೊದಲು ಬಂದದ್ದೇ ಈ ತುರಿಕೆ. ಚರ್ಮದ ಮೇಲೆ ಏನೂ ಇಲ್ಲ, ಒಳಗಿನಿಂದ ಇರುವೆ ಹರಿದಂತೆ; ರಕ್ತ ಬರುವ ತನಕ ಕೆರೆದರೂ ಹೋಗುತ್ತಿರಲಿಲ್ಲ. ಭಾಲ್ಕಿಯ ಗಂಡನ ಮನೆಯಲ್ಲಿ ಅತ್ತೆ ಅವಳ ತಾಟು ತಂಬಿಗೆ ಬೇರೆ ಮಾಡಿದ್ದಳು. ಬಾಯಿಬಿಟ್ಟು ಹೇಳಲಿಲ್ಲ, ಒಂದು ದಿನ ಒಲೆಯ ಪಕ್ಕದ ಗೂಡಿನಲ್ಲಿ ಅವು ಬೇರೆಯಾಗಿ ಕೂತಿದ್ದವು ಅಷ್ಟೇ. ಸಂಜೆಯಾದರೆ ಜ್ವರ, ಮೈಯಿಂದ ನೀರಿಳಿದು ಹಾಸಿಗೆ ಒದ್ದೆ. ಮುಂಜಾನೆ ಕೌದಿ ಒಣಗಹಾಕುವಾಗ ಅತ್ತೆ ನೋಡುವ ನೋಟಕ್ಕೆ, ಚಡ್ಡಿಯಲ್ಲಿ ಉಚ್ಚೆ ಹೊಯ್ದುಕೊಂಡ ಹುಡುಗಿಯ ಹಾಗೆ ಅವಳ ತಲೆ ತಗ್ಗುತ್ತಿತ್ತು. ಕೊರಳಿನ ಗಡ್ಡೆಯನ್ನು ಮೊದಲು ಕಂಡವಳು ಮಗಳು ಗಂಗೂ. “ಅವ್ವಾ, ನಿನ್ನ ಕೊರಳಾಗ ಲಿಂಬಿಕಾಯಿ ಅದ” ಎಂದು ಬೆರಳಿನಿಂದ ಒತ್ತಿ ನಕ್ಕಿದ್ದಳು. ನೋವೇ ಇಲ್ಲದ್ದರಿಂದ ಇವಳೂ ನಕ್ಕಿದ್ದಳು. ತಾಳಿಯ ದಾರ ಒತ್ತಿ ಊದಿದೆ ಎಂದು ಅತ್ತೆ ತೀರ್ಪು ಕೊಟ್ಟಳು. ದಾರ ಬದಲಿಸಿದರು. ಗಡ್ಡೆ ಒಂದಿದ್ದದ್ದು ಸಾಲಾಗಿ ಮೂರಾಯಿತು. ಹೈದರಾಬಾದಿನ ಡಾಕ್ಟರು ಇಂಗ್ಲಿಷಿನಲ್ಲಿ ಏನೋ ಹೆಸರು ಹೇಳಿದರು. ಮನ್ಮಥಪ್ಪ ಅದನ್ನು ರೈಲಿನುದ್ದಕ್ಕೂ ಬಾಯಿಪಾಠ ಮಾಡುತ್ತಿದ್ದ, ಬೀದರ ಬರುವ ಹೊತ್ತಿಗೆ ಮರೆತಿದ್ದ. ಮೊನ್ನೆ ಬಿಡುಗಡೆ ಮಾಡುವಾಗ ಅದೇ ಡಾಕ್ಟರು ಗಂಡನ ಮುಖ ಬಿಟ್ಟು ಅವಳ ಮುಖವನ್ನೇ ನೋಡಿ, ಗಡ್ಡೆ ಕರಗಿದೆ, ಎರಡನೇ ಪಾಳಿ ತಪ್ಪಿಸಿದರೆ ಮತ್ತೆ ಬರುತ್ತದೆ, ಆಗ ನನ್ನ ಕೈಯಲ್ಲಿ ಏನೂ ಇರುವುದಿಲ್ಲ ಎಂದಿದ್ದರು. ತೌರಿಗೆ ಇದಾವುದೂ ಗೊತ್ತಿರಲಿಲ್ಲ. ಜ್ವರ ಬರುತ್ತದೆ, ದೊಡ್ಡ ದವಾಖಾನೆಗೆ ತೋರಿಸುತ್ತಿದ್ದೇವೆ ಎಂದಷ್ಟೇ ಹೇಳಿ ಕಳಿಸಿದ್ದರು. ಇಂಥ ರೋಗದ ಹೆಸರು ಹೊರಗೆ ಬಿದ್ದರೆ ನಾಳೆ ಗಂಗೂಗೆ ಗಂಡು ಎಲ್ಲಿ ಸಿಗುತ್ತದೆ ಎಂದು ಅತ್ತೆ ಈಗಿನಿಂದಲೇ ಚಿಂತೆಗೆ ಬಿದ್ದಿದ್ದಳು.

ಬಸ್ಸಿನಲ್ಲಿ ತುಳಜಾಪುರಕ್ಕೆ ಹೋಗಿ ಬಂದ ಹೆಂಗಸೊಬ್ಬಳಿದ್ದಳು. ಸಣ್ಣ ಡಬ್ಬಿ ತೆರೆದು, ಸೀಟು ಹಿಡಿದು ತೂರಾಡುತ್ತ, ಹೆಂಗಸರಿಗೆಲ್ಲ ಅಂಬಾಭವಾನಿಯ ಕುಂಕುಮ ಹಚ್ಚುತ್ತ ಬಂದಳು. ಸುಂದರಬಾಯಿ ಹಣೆ ಒರೆಸಿಕೊಂಡು ಮುಖ ಮುಂದೆ ಮಾಡಿದಳು. ಬೆರಳು ಹಣೆಯ ಹತ್ತಿರ ಬಂದು ನಿಂತಿತು. ಹೆಂಗಸು ಅವಳ ಕೊರಳು ನೋಡಿ, “ತಪ್ಪ ತಿಳೀಬ್ಯಾಡವ್ವಾ” ಎಂದು ಮೆಲ್ಲಗೆ ಅಂದು ಹಿಂದಿನ ಸೀಟಿಗೆ ಹೋದಳು. ಮುಂದೆ ಮಾಡಿದ ಮುಖವನ್ನು ಹಿಂದಕ್ಕೆ ಎಳೆದುಕೊಳ್ಳುವುದು ಎಷ್ಟು ಕಷ್ಟ ಎಂದು ಸುಂದರಬಾಯಿಗೆ ಆಗ ತಿಳಿಯಿತು. ಚರ್ಮ ಸುಟ್ಟು ಕಪ್ಪಾದದ್ದು ಕಂಡಿರಬೇಕು, ಅಂಟುವ ರೋಗವೆಂದುಕೊಂಡಿರಬೇಕು. ಸೆರಗನ್ನು ಕೊರಳಿನ ಸುತ್ತ ಎಳೆದುಕೊಂಡರೆ ಹಸಿ ಚರ್ಮಕ್ಕೆ ಸೀರೆಯ ನೂಲು ತಾಗಿ ಉರಿಯಿತು, ಮತ್ತೆ ಬಿಟ್ಟಳು. ರೋಗಿಗೆ ಜಗತ್ತೆಲ್ಲ ತನ್ನ ರೋಗವನ್ನೇ ನೋಡುತ್ತದೆ ಅನ್ನಿಸುತ್ತದೆ. ಮಂದಿ ಅವಳಲ್ಲಿ ಬೇರೇನನ್ನೋ ನೋಡುತ್ತಿರಬಹುದು ಎಂದು ಅವಳಿಗೆ ಹೊಳೆಯಲೇ ಇಲ್ಲ.

ಸಂತಪುರದಲ್ಲಿ ಔರಾದಿನಿಂದ ಬಂದ ಬಸ್ಸು ಎದುರಿಗೆ ನಿಂತಿತು. ಎರಡು ಕಿಟಕಿಗಳ ನಡುವೆ ಒಂದು ಮಾರು ಅಂತರ. ಆ ಕಿಟಕಿಯಲ್ಲಿ ಅಣ್ಣ ಹಾವಗೆಪ್ಪ ಕೂತಿದ್ದ. ಟವಲನ್ನು ಬಾಯಿಗೆ ಒತ್ತಿಕೊಂಡಿದ್ದ, ಹೆಗಲು ಅಲುಗುತ್ತಿತ್ತು, ಪಕ್ಕದವನು ಅವನ ಬೆನ್ನ ಮೇಲೆ ಕೈಯಿಟ್ಟಿದ್ದ. ಹಾವಗೆಪ್ಪ ಅಳುವ ಗಂಡಸಲ್ಲ. ಅಪ್ಪನನ್ನು ಮಣ್ಣಿಗಿಟ್ಟಾಗ ಕೂಡ ಮೋರೆ ಕಲ್ಲು ಮಾಡಿಕೊಂಡು ನಿಂತಿದ್ದ. “ಅಣ್ಣಾ” ಎಂದು ಅವಳು ಮತ್ತೆ ಆ ಮುರಿದ ದಂಟಿನ ಸಪ್ಪಳ ಮಾಡಿದಳು. ಬಸ್ಸು ಹೊರಟುಹೋಯಿತು. ಅವ್ವ ಸತ್ತಿದ್ದಾಳೆ. ಬೀದರಿಗೆ ನನಗೇ ಸುದ್ದಿ ಮುಟ್ಟಿಸಲು ಹೊರಟಿದ್ದಾನೆ. ಹೀರಕ್ಕನೂ ಅದಕ್ಕೇ ಔರಾದಿಗೆ ಹೊರಟಿದ್ದಳು, ಅದಕ್ಕೇ ಮುಖ ತಪ್ಪಿಸಿದಳು. ಎಲ್ಲವೂ ಒಂದಕ್ಕೊಂದು ಸರಿಹೊಂದಿತು. ತಾನು ಹದಿನಾಲ್ಕರ ಪ್ರಾಯದ ಹುಡುಗಿಯಾಗಿದ್ದಾಗ ಅಪ್ಪ ಸತ್ತ ದಿನ ಅವ್ವ ಗುಂಡಮ್ಮನ ಬಳೆ ಒಡೆದದ್ದು ನೆನಪಾಯಿತು. ನಮ್ಮಲ್ಲಿ ಸೂತಕವಿಲ್ಲ, ಲಿಂಗ ಕಟ್ಟಿದವರಿಗೆ ಮೈಲಿಗೆಯಿಲ್ಲ ಎಂದು ಬದುಕಿದ್ದಷ್ಟು ದಿನವೂ ಕಟ್ಟೆಯ ಮೇಲೆ ಕೂತು ಹೇಳಿದ ಮನುಷ್ಯ ಅಪ್ಪ. ಅವನು ಕಣ್ಣು ಮುಚ್ಚಿ ತಾಸಾಗುವುದರೊಳಗೆ ಅವನ ಹೆಂಡತಿಯನ್ನು ಮೂಲೆಗೆ ಕೂಡಿಸಿದ್ದರು. ಅವತ್ತಿನಿಂದ ಅವ್ವ ಯಾರ ಮನೆಯ ಮದುವೆಯಲ್ಲೂ ಬಾಗಿಲ ಚೌಕಟ್ಟಿನಿಂದ ಈಚೆ ಬಂದದ್ದಿಲ್ಲ, ತನ್ನ ಮಗಳ ಮದುವೆಯಲ್ಲೂ.

ಔರಾದಿನಲ್ಲಿ ಇಳಿದು ಓಣಿಯ ತಿರುವಿಗೆ ಬರುವಷ್ಟರಲ್ಲಿ ಅಳು ಕೇಳಿಸಿತು. ಗೋಡೆ ಹಿಡಿದು ನಡೆದಳು. ಹೊಸ್ತಿಲಲ್ಲಿ ನಿಂತು ನೋಡಿದರೆ, ಪಡಸಾಲೆಯ ತುಂಬ ಹೆಂಗಸರು, ನಟ್ಟನಡುವೆ ಎದೆ ಬಡಿದುಕೊಳ್ಳುತ್ತ ಅವ್ವ ಗುಂಡಮ್ಮ. ಅವ್ವ ಬದುಕಿದ್ದಾಳೆ. ಹಾಗಾದರೆ ಸತ್ತವರು ಯಾರು? ಅಷ್ಟರಲ್ಲಿ ಯಾರೋ “ಬಂದಳು” ಎಂದರು, ಅಳು ಗಕ್ಕನೆ ನಿಂತು ಮತ್ತೆ ಎರಡು ಪಟ್ಟಾಗಿ ಎದ್ದಿತು. ಅವ್ವ ಎದ್ದು ಓಡಿಬಂದು ಅವಳನ್ನು ತಬ್ಬಿ ಹೊಸ್ತಿಲ ಮೇಲೇ ಕುಸಿದಳು.

“ನನ್ನ ಹಣೀಬರಾನೇ ನಿನಗೂ ಬಂತಲ್ಲೇ ಯವ್ವಾ! ನಡನೀರಾಗ ಕೈ ಬಿಟ್ಟು ಹೋದನಲ್ಲೇ ನಿನ್ನ ಗಂಡ!”

ಮನ್ಮಥಪ್ಪ ಸತ್ತ. ಬಸ್ಸಿನಲ್ಲಿ ಕೂಡಿಸಿ ಹೋದವನು ದಾರಿಯಲ್ಲಿ ಏನೋ ಆಗಿ ಸತ್ತ, ತಾರು ಬಂದಿದೆ, ತನಗಿಂತ ಮೊದಲೇ ಈ ಮನೆಗೆ ಗೊತ್ತಾಗಿದೆ. ಸುಂದರಬಾಯಿ ಅದನ್ನು ಅನುಮಾನವಿಲ್ಲದೆ ನಂಬಿದಳು. ನಂಬಿದ ಕೂಡಲೇ, ಅಳು ಬರುವುದಕ್ಕೂ ಮೊದಲು, ಎದೆಯಲ್ಲಿ ಏನೋ ಸಡಿಲವಾಯಿತು. ಇಷ್ಟು ತಿಂಗಳು ಅವಳ ಹಾಸಿಗೆಯ ಸುತ್ತ ಸುಳಿಯುತ್ತಿದ್ದದ್ದು ಕೊನೆಗೆ ಬಂದೇ ಬಂತು, ಬಂದು ಬೇರೆಯವರ ಹೆಸರು ಹಿಡಿದು ಕರೆದುಕೊಂಡು ಹೋಯಿತು. ನಾನಲ್ಲ. ಆ ನಾಲ್ಕು ಉಸಿರಿನಷ್ಟು ಹೊತ್ತು ಅವಳ ಮೈ ಹಗುರವಾಗಿತ್ತು. ಗಡ್ಡೆ ಕಂಡ ದಿನದಿಂದ ಅಷ್ಟು ಹಗುರ ಯಾವತ್ತೂ ಆಗಿರಲಿಲ್ಲ. ಆಮೇಲೆ ತಾನು ಏನು ಮಾಡಿದೆ ಎಂಬುದು ಅವಳಿಗೆ ಗೊತ್ತಾಯಿತು. ಮಾಡಿದ್ದೇನೂ ಇಲ್ಲ, ಅನ್ನಿಸಿದ್ದು ಮಾತ್ರ. ಆದರೆ ಅನ್ನಿಸಿದ್ದನ್ನು ಕೂಡ ಒಂದು ಹೆಂಗಸು ತನ್ನದಲ್ಲವೆಂದು ಎಲ್ಲಿ ಬಿಸಾಕಿಯಾಳು!

“ಯಾರು ಹೇಳ್ಯಾರ?” ಎಂದಳು. ಎರಡನೇ ಸಲ ಕೇಳಿದಾಗ ದನಿ ಹೊರಟಿತು.

“ಯಾರ್ಯಾಕ ಹೇಳ್ಬೇಕವ್ವಾ,” ಹೀರಾಬಾಯಿ ಮೂಗು ಒರೆಸಿಕೊಂಡಳು. “ನಾನೇ ಕಣ್ಣಾರೆ ನೋಡ್ದೆ. ಬೀದರ ಸ್ಟ್ಯಾಂಡಿನ್ಯಾಗ ಗ್ವಾಡಿ ಹಿಡ್ಕೊಂಡು ನಿಂತಿದ್ದಿ. ಕೊರಳು ಖಾಲಿ, ಕೈ ಖಾಲಿ, ಹಣಿ ಖಾಲಿ. ನಿನ್ನ ಮುಂದ ಬಂದು ಮಾತಾಡ್ಲಿಕ್ಕಿ ನನಗ ಧೈರ್ಯ ಆಗ್ಲಿಲ್ಲ ತಂಗಿ. ಓಡಿ ಬಂದು ಚಿಗವ್ವಗ ಹೇಳ್ದೆ.”

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಹೀರಾಬಾಯಿಯಂಥವರಿಗಾಗಿಯೇ ಇರಬೇಕು. ಸುಂದರಬಾಯಿಗೆ ನಗು ಬಂತು. ಆ ನಗುವೇ ತಪ್ಪಾಯಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಅವರು ಅದಾರ,” ಎಂದಳು. “ಮುಂಜಾನಿ ನನ್ನ ಬಸ್ಸಿನ್ಯಾಗ ಕೂಡ್ಸಿ ಆಫೀಸಿಗಿ ಹೋದರು. ಛಲೋ ಅದಾರ. ಆರಾಮಿಲ್ಲದಾಕಿ ನಾನು.”

“ಹಂಗಾದ್ರ ತಾಳಿ ಎಲ್ಲದ?” ಗುಂಡಮ್ಮ ಅವಳ ಎರಡೂ ಭುಜ ಹಿಡಿದು ಕೇಳಿದಳು.

“ಅವರ ಕಿಸೆದಾಗ ಅದ.”

ಗಂಡಸು ಕಿಸೆಯಲ್ಲಿ ಅಡಕೆ ಇಟ್ಟುಕೊಂಡಾನು, ಬೀಡಿ ಇಟ್ಟುಕೊಂಡಾನು. ಹೆಂಡತಿಯ ತಾಳಿ ಇಟ್ಟುಕೊಂಡು ತಿರುಗುವ ಗಂಡಸನ್ನು ಔರಾದ ಕಂಡಿರಲಿಲ್ಲ. “ತಲಿಗಿ ಬಡದದ ಪಾಪ,” ಎಂದಳು ಪಕ್ಕದ ಮನೆಯ ಮುದುಕಿ ಅಂಜನಾಬಾಯಿ, “ಅಳೂತನಕ ಹಿಂಗೇ ಮಾತಾಡ್ತದ. ಮೊದಲ ನೀರು ಹಾಕ್ರಿ.” ಸೂತಕವಿಲ್ಲ ಎನ್ನುವ ಮನೆಯಲ್ಲೂ ನೀರು ಹಾಕುವುದಕ್ಕೆ ಏನೂ ಅಡ್ಡಿಯಿಲ್ಲ. ಇಬ್ಬರು ಅವಳನ್ನು ಹಿತ್ತಲಿಗೆ ನಡೆಸಿದರು. ಕೊಡವೆತ್ತಿದ್ದನ್ನು ಕಂಡು ಸುಂದರಬಾಯಿ ಎರಡೂ ಕೈಯಿಂದ ಕೊರಳು ಮುಚ್ಚಿಕೊಂಡು ಚೀರಿದಳು: “ಬ್ಯಾಡ್ರಿ, ಗೀಟು ಹೋಗ್ತಾವ, ಡಾಕ್ಟರು ಹಾಕಿದ ಗೀಟು!” ಯಾವ ಗೀಟು, ಯಾವ ಡಾಕ್ಟರು ಎಂದು ಯಾರೂ ಕೇಳಲಿಲ್ಲ. ನೀರು ಹೆಗಲ ಮೇಲೆ ಬಿತ್ತು, ಬೆರಳುಗಳ ಸಂದಿಯಿಂದ ಕೊರಳಿಗೆ ಇಳಿಯಿತು, ಸುಟ್ಟ ಚರ್ಮ ಚುರ್ ಎಂದಿತು. ಕುಪ್ಪಸದ ಮೇಲೆ ನೀಲಿ ಹರಿದದ್ದನ್ನು ನೋಡುತ್ತ ಅವಳು ಕಲ್ಲಿನ ಮೇಲೆ ಹಾಗೇ ಕೂತುಬಿಟ್ಟಳು.

ಒಣ ಸೀರೆ ಉಡಿಸಿ ಮೂಲೆಯಲ್ಲಿ ಕೂಡಿಸಿದರು. ಅವ್ವ ಕೂತಿದ್ದ ಅದೇ ಮೂಲೆ. ಹಾವಗೆಪ್ಪ ಬೀದರಿನಿಂದ ಬರುವ ತನಕ ಕಾಯಬೇಕು, ಬೇರೆ ದಾರಿಯಿಲ್ಲ. ಅವ್ವ ಹಾಲಿನಲ್ಲಿ ರೊಟ್ಟಿ ಚೂರು ನೆನೆಸಿ ಬಾಯಿಗಿಟ್ಟಳು. ಅದು ನಾಲಗೆಯ ಮೇಲೆ ಮರಳಿನ ಹಾಗೆ ಕೂತಿತು. ಕಣ್ಣೀರು ಹಾಕದ ವಿಧವೆಯನ್ನು ಎಲ್ಲರೂ ಕದ್ದು ಕದ್ದು ನೋಡುತ್ತಿದ್ದರು. ನೋಡಿಸಿಕೊಂಡು ನೋಡಿಸಿಕೊಂಡು ಅವಳಿಗೇ ಅನುಮಾನ ಶುರುವಾಯಿತು. ಮುಂಜಾನೆ ಮನ್ಮಥಪ್ಪ ಯಾವ ಅಂಗಿ ಹಾಕಿದ್ದ? ಬಸ್ಸಿನಿಂದ ಇಳಿದು ಹಿಂತಿರುಗಿ ನೋಡಿದನೇ? ಬೀದರ ಸ್ಟೇಷನ್ನಿನಲ್ಲಿ ರೈಲಿಳಿದದ್ದು ನೆನಪಿದೆ, ಅವನು ಟ್ರಂಕು ಹೊತ್ತದ್ದು ನೆನಪಿದೆ. ದವಾಖಾನೆಯಲ್ಲಿ ಅವನು ತಾಳಿ ಇಸಿದುಕೊಂಡಾಗ ಬೆರಳು ಬೆರಳಿಗೆ ತಾಗಿತ್ತು, ಅವನ ಬೆರಳು ಬೆಚ್ಚಗಿತ್ತು. ಅಷ್ಟು ಖಚಿತ. ಉಳಿದದ್ದೆಲ್ಲ ಜ್ವರದಲ್ಲಿ ಕಂಡದ್ದಾಗಿದ್ದರೆ? ಅವನು ಬದುಕಿರಲಿ ಎಂದು ಅವಳು ತೋಳಿನ ಮೇಲಿನ ಲಿಂಗವನ್ನು ಒತ್ತಿ ಹಿಡಿದು ಬೇಡಿಕೊಂಡಳು. ಬೇಡಿಕೊಳ್ಳುವಾಗಲೇ, ಇದು ಅವನಿಗಾಗಿಯೋ ಅಥವಾ ಮಧ್ಯಾಹ್ನದ ಆ ಹಗುರವನ್ನು ಅಳಿಸಿಹಾಕಲಿಕ್ಕೋ ಎಂದು ಒಳಗೆ ಯಾರೋ ಕೇಳಿದರು. ಸಂಜೆಯ ಜ್ವರ ಹೊತ್ತಿಗೆ ಸರಿಯಾಗಿ ಬಂತು.

ದೀಪ ಹಚ್ಚುವ ಹೊತ್ತಿಗೆ ಹಾವಗೆಪ್ಪ ಬಂದ. ಅವನ ಹಿಂದೆ, ಟೊಪ್ಪಿಗೆ ಕೈಯಲ್ಲಿ ಹಿಡಿದು, ತನ್ನದೇ ಸಾವಿನ ಮನೆಗೆ ಬಂದು ಏನು ಮಾತಾಡಬೇಕೆಂದು ತಿಳಿಯದ ಮುಖ ಮಾಡಿಕೊಂಡು, ಮನ್ಮಥಪ್ಪ. ಹೀರಾಬಾಯಿ ಕಿಟಾರನೆ ಕಿರಿಚಿದಳು. ಅಂಜನಾಬಾಯಿ ಎದ್ದುಹೋಗಿ ಅವನ ಕೈ ಚಿವುಟಿ ನೋಡಿದಳು. ಆಮೇಲೆ ಆ ಮನೆಯಲ್ಲಿ ಎದ್ದ ನಗುವೇನು, ಅಳುವೇನು! ಗುಂಡಮ್ಮ ಸಕ್ಕರೆ ಡಬ್ಬಿ ತಂದು ಬಂದವರ ಬಾಯಿಗೆಲ್ಲ ಹಾಕಿದಳು, ದೂರ ನಿಂತು ಅಳಿಯನಿಗೆ ಕೈ ಮುಗಿದಳು. ಹೀರಾಬಾಯಿಯನ್ನು ಎಲ್ಲರೂ ಸೇರಿ ಬೈದರು, ಬೈದು ನಕ್ಕರು. ಮನ್ಮಥಪ್ಪ ಒಳಕಿಸೆಯಿಂದ ತಾಳಿ ತೆಗೆದು ತೋರಿಸಿದಾಗ ಓಣಿಯವರೆಗೆ ಕೇಳುವಂತೆ ನಕ್ಕರು. ಮೂಲೆಯಲ್ಲಿ ಕೂತವಳಿಗೆ ಜ್ವರ ಏರುತ್ತಿದ್ದದ್ದು ಯಾರಿಗೂ ಕಾಣಲಿಲ್ಲ. ಬಾಯಿಗೆ ಹಾಕಿದ ಸಕ್ಕರೆ ಕರಗಲೇ ಇಲ್ಲ.

ನಗು ಇಳಿದ ಮೇಲೆ ಮನ್ಮಥಪ್ಪ ರೋಗದ ವಿಷಯ ಹೇಳಿದ. ತಗ್ಗಿದ ದನಿಯಲ್ಲಿ, ತಪ್ಪೊಪ್ಪಿಕೊಳ್ಳುವವನ ಹಾಗೆ, ಗಡ್ಡೆ, ಕರೆಂಟು, ಎರಡನೇ ಪಾಳಿ ಎಲ್ಲ ಹೇಳಿದ.

“ಹೋದ್ರ ಖಾತ್ರಿ ವಾಸಿ ಆಗ್ತದೇನ್ರಿ?” ಎಂದಳು ಗುಂಡಮ್ಮ ಬಾಗಿಲ ಮರೆಯಿಂದ.

“ಖಾತ್ರಿ ಹೇಳೂದಿಲ್ಲಂತ್ರಿ ಅತ್ತಿ. ಅರ್ಧಕ್ಕರ್ಧ ಅಂತಾರ. ಮತ್ತ ಈಗ ಹೈದರಾಬಾದ ಬ್ಯಾರೇ ರಾಜ್ಯ ಆತು, ನಮ್ಮನ್ನ ಒಳಗ ತಗೋತಾರೋ ಇಲ್ಲೋ...”

“ಹಂಗಾದ್ರ ಬ್ಯಾಡ್ರಿ,” ಗುಂಡಮ್ಮ ಅಂದಳು. “ನನ್ನ ಮಾತು ಕೇಳ್ರಿ. ಇವತ್ತ ಒಂದ ದಿನದಾಗ ನಾ ಸತ್ತು ಹುಟ್ಟೀನಿ. ಮತ್ತ ಆಕಿ ಕೊರಳು ಬರಿದು ಮಾಡ್ಸಬ್ಯಾಡ್ರಿ. ಬರೂದು ಹ್ಯಾಂಗೂ ಬರ್ತದ. ಹೋದ್ರ ಮುತ್ತೈದಿ ಆಗಿ, ಹೂವು ಅರಿಷಿಣ ಇಟ್ಕೊಂಡು, ಗಂಡನ ಹೆಗಲ ಮ್ಯಾಲ ಹೋಗ್ಲಿ. ಅಂಥ ಸಾವು ಎಷ್ಟು ಮಂದಿಗಿ ಸಿಗ್ತದ?”

“ಖರೇ ಅದ,” ಎಂದರು ಹೆಂಗಸರು. ಅವ್ವನ ಮಾತಿನಲ್ಲಿ ಕ್ರೌರ್ಯವಿರಲಿಲ್ಲ. ಮಗಳಿಗೆ ಜರಿಯಂಚಿನ ಸೀರೆ ಸಿಕ್ಕಿತು ಎನ್ನುವಷ್ಟು ಅಕ್ಕರೆಯಿಂದ ಹೇಳಿದಳು. ಸುಂದರಬಾಯಿ ಗಂಡನ ಮುಖ ನೋಡಿದಳು, ಅವನು ಏನಾದರೂ ಅಂದಾನು ಎಂದು. ಅವನು ತಲೆ ತಗ್ಗಿಸಿದ್ದ. ಅವನ ಹೆಗಲು ಮೆಲ್ಲಗೆ ಇಳಿಯಿತು, ಹುಬ್ಬಿನ ನಡುವಿನ ಗಂಟು ಬಿಚ್ಚಿತು. “ಅತ್ತಿಯವರು ಹೇಳೂದೂ ಒಂದು ಖರೇ ಅದ,” ಎಂದ. ಆ ಮುಖದ ಮೇಲೆ ಇಳಿದದ್ದು ಏನೆಂದು ಅವಳಿಗೆ ತಿಳಿಯದೆ ಇರಲಿಲ್ಲ. ಮಧ್ಯಾಹ್ನ ಹೊಸ್ತಿಲಲ್ಲಿ ತನ್ನ ಮೈಯೊಳಗೆ ಇಳಿದದ್ದು ಇದೇ. ಅವನನ್ನು ದ್ವೇಷಿಸಲಿಕ್ಕೂ ಅವಳಿಗೆ ಆಗಲಿಲ್ಲ.

ಮಣೆ ಹಾಕಿದರು. ಕುಂಕುಮ ಹಚ್ಚಿದರು, ಯಾರದೋ ಕೈಯಿಂದ ನಾಲ್ಕು ಬಳೆ ತೆಗೆದು ಇವಳ ಕೈಗೆ ಹಾಕಿದರು. ಗುಂಡಮ್ಮ ಬಾಗಿಲ ಚೌಕಟ್ಟಿನ ಆಚೆಯೇ ನಿಂತು, ಅದು ಮಾಡ್ರಿ, ಇದು ಮಾಡ್ರಿ ಎಂದು ಹೇಳುತ್ತಿದ್ದಳು. ವಿಧವೆಯಾದವಳು ಅಲ್ಲಿಂದ ಈಚೆ ಬರುವಂತಿರಲಿಲ್ಲ. ಮನ್ಮಥಪ್ಪ ಹಿಂದೆ ಬಾಗಿ ತಾಳಿ ಕಟ್ಟಿದ. ಬಂಗಾರದ ಗುಂಡು ಹಸಿ ಚರ್ಮದ ಮೇಲೆ ಕೂತಿತು, ದಾರ ಹಿಂಗತ್ತಿನಲ್ಲಿ ಕೂದಲುದುರಿ ಬೋಳಾದ ಜಾಗದಲ್ಲಿ ಕತ್ತರಿಸಿತು. ಕಣ್ಣಲ್ಲಿ ನೀರು ಚಿಮ್ಮಿತು. ಹೆಂಗಸರು ತೃಪ್ತಿಯಿಂದ ಉಸಿರುಬಿಟ್ಟರು. ಕೊನೆಗೂ ಅತ್ತಳಲ್ಲ ಎಂದು ಅಂಜನಾಬಾಯಿ ಅಂದಳು.

“ಬಿಚ್ರಿ,” ಎಂದಳು ಸುಂದರಬಾಯಿ.

“ಸ್ವಲ್ಪ ತಡಿ,” ಮನ್ಮಥಪ್ಪ ಕಿವಿಯ ಹತ್ತಿರ ಪಿಸುಗುಟ್ಟಿದ, “ಮಂದಿ ಹೋಗ್ಲಿ.”

ಅವಳು ಅವನ ಕಡೆ ತಿರುಗಲಿಲ್ಲ. ಚೌಕಟ್ಟಿನ ಕಡೆ ನೋಡಿದಳು. ಒಂದೊಂದೇ ಮಾತನ್ನು ಒಣಗಿದ ಗಂಟಲಿನಿಂದ ಕಿತ್ತು ತೆಗೆಯಬೇಕಾಗಿತ್ತು, ಆದ್ದರಿಂದ ಪ್ರತಿಯೊಂದೂ ಎಲ್ಲರಿಗೂ ಕೇಳಿಸಿತು.

“ಅವ್ವಾ, ಮಧ್ಯಾಹ್ನ ನೀ ಅವರು ಸತ್ತರು ಅಂದಿ. ನನಗ ಮೊದಲ ದುಃಖ ಆಗ್ಲಿಲ್ಲ. ನಾ ಅಲ್ಲ ಅಂತ ಹಗುರಾತು.”

ಯಾರೋ “ಶಿವ ಶಿವ” ಎಂದರು. ಬೆನ್ನ ಹಿಂದೆ ಮನ್ಮಥಪ್ಪನ ಉಸಿರು ನಿಂತದ್ದು ಅವಳ ಕುತ್ತಿಗೆಗೆ ಗೊತ್ತಾಯಿತು.

“ಪಾಪ ಅಂದ್ರ ಪಾಪ. ಆದ್ರ ಆಗ ನನಗ ತಿಳೀತು. ನನಗ ಸಾಯೂದು ಬ್ಯಾಡಾಗೇದ. ಮುತ್ತೈದಿ ಆಗಿನೂ ಬ್ಯಾಡ.” ಅವಳು ಉಗುಳು ನುಂಗಲು ನೋಡಿದಳು, ಉಗುಳಿರಲಿಲ್ಲ. “ಅಪ್ಪ ಹೋದ ಮ್ಯಾಲ ನೀ ಬರಿಗೊರಳಿಲೇ ಬದುಕೀದಿ ಅವ್ವಾ. ಉಂಡಿ, ನಕ್ಕಿ, ನಮ್ಮ ಕೂಡ ಜಗಳ ಮಾಡ್ದಿ, ಗಂಗೂನ್ನ ಎತ್ತಿ ಆಡ್ಸಿದಿ. ಅಷ್ಟು ನನಗೂ ಬೇಕು. ಬರಿಗೊರಳಿಲೇ ಬೇಕು.”

ಗುಂಡಮ್ಮನ ಕೈ ತನ್ನ ಕೊರಳಿಗೆ ಹೋಯಿತು. ಅಲ್ಲಿ ಶಿವದಾರದ ಹೊರತು ಏನೂ ಇರಲಿಲ್ಲ. ಬಹಳ ಹೊತ್ತು ಕೈ ಅಲ್ಲೇ ಇತ್ತು. ಆಮೇಲೆ ಅವಳು ಚೌಕಟ್ಟು ದಾಟಿ ಈಚೆ ಬಂದಳು.

“ಚಿಗವ್ವಾ, ನೀ ಮುಟ್ಟಬ್ಯಾಡ,” ಎಂದಳು ಹೀರಾಬಾಯಿ.

ಗುಂಡಮ್ಮ ಅಳಿಯನನ್ನು ಪಕ್ಕಕ್ಕೆ ಸರಿಸಿ ಮಗಳ ಹಿಂದೆ ಕೂತಳು. ಗಂಟು ಬಿಗಿಯಾಗಿತ್ತು, ಉಗುರಿಗೆ ಬರಲಿಲ್ಲ. ಬಗ್ಗಿ ಹಲ್ಲಿನಿಂದ ಸಡಿಲಿಸಿದಳು. ಚರ್ಮಕ್ಕೆ ಅಂಟಿಕೊಂಡಿದ್ದ ಗುಂಡುಗಳನ್ನು ಒಂದೊಂದಾಗಿ ಬಿಡಿಸಿದಳು. ಬಿಚ್ಚಿದ ತಾಳಿಯನ್ನು ಮನ್ಮಥಪ್ಪನ ಕೈಗಿಟ್ಟು, “ಕಿಸೆದಾಗ ಇಟ್ಕೋರಿ. ಹೈದರಾಬಾದಿಗಿ ನಾನೂ ಬರ್ತೇನಿ,” ಎಂದಳು. ಆಮೇಲೆ, “ಕಂದೀಲು ತರ್ರಿ ಇಲ್ಲಿ. ಅದೇನೋ ಗೀಟು ಅಂದಳು, ಉಳದಾವೇನು ನೋಡ್ತೇನಿ.”

ಹಾವಗೆಪ್ಪ ಕಂದೀಲು ಹಿಡಿದ. ಗುಂಡಮ್ಮ ಮಗಳ ಗದ್ದವನ್ನು ಬೆರಳಿನಿಂದ ಮೇಲಕ್ಕೆತ್ತಿ, ಕಣ್ಣು ಕಿರಿದು ಮಾಡಿ, ಮೊದಲ ಸಲ ಆ ಕೊರಳನ್ನು ನೋಡಿದಳು. ಎಡಕ್ಕಿನ ಗೀಟು ನೀರಿಗೆ ಕಲಸಿಹೋಗಿತ್ತು. ಬಲಕ್ಕಿನದು ಹಾಗೇ ಇತ್ತು.

“ಅದ,” ಎಂದಳು.